ಡೆಕ್ಕನ್ ಕ್ವೀನ್: ರೇಸಿನವರ ಗಾಡಿ ಪಾಸಿನವರ ಗಾಡಿಯಾದ ಕಥೆ

ಸೊಲ್ಲಾಪುರ, ಅಕ್ಕಲಕೋಟೆ, ದುಧನಿ ಭಾಗದಿಂದ ರೈಲಿನಲ್ಲಿ ಮುಂಬೈಗೆ ಹೊರಟವರಿಗೆ ಪುಣೆ ನಿಲ್ದಾಣ ಹೊಸದಲ್ಲ. ಬೆಳಗಿನ ಜಾವ ಪುಣೆಗೆ ಬಂದಿಳಿದವರು ಏಳು ಗಂಟೆಯ ಸುಮಾರಿಗೆ ಅಲ್ಲಿ ಒಂದು ನೋಟವನ್ನು ಕಂಡಿರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಚೀಲ, ಬಗಲಲ್ಲಿ ಮರಾಠಿ ಪತ್ರಿಕೆ ಹಿಡಿದ ನೂರಾರು ಜನ ಒಂದೇ ಗಾಡಿಯ ಕಡೆಗೆ ನಡೆಯುತ್ತಿರುತ್ತಾರೆ. ಯಾರೂ ಡಬ್ಬಿಯ ನಂಬರು ಹುಡುಕುವುದಿಲ್ಲ, ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲರಿಗೂ ತಮ್ಮ ಡಬ್ಬಿ ಗೊತ್ತು, ಕೂಡುವ ಜಾಗ ಗೊತ್ತು, ಎದುರಿಗೆ ಯಾರು ಕೂಡುತ್ತಾರೆ ಎಂಬುದೂ ಗೊತ್ತು. 7.15ಕ್ಕೆ ಗಾಡಿ ಹೊರಡುತ್ತದೆ. ಅದರ ಹೆಸರು ಡೆಕ್ಕನ್ ಕ್ವೀನ್. ಮರಾಠಿಯಲ್ಲಿ ದಖ್ಖನ್ ಚೀ ರಾಣಿ. ನಮ್ಮ ಮಾತಿನಲ್ಲಿ ದಖ್ಖನ್ ರಾಣಿ.

ಇದು ಭಾರತದ ಮೊದಲ ಡೀಲಕ್ಸ್ ರೈಲು ಎಂದು ರೈಲ್ವೆಯ ದಾಖಲೆಗಳು ಹೇಳುತ್ತವೆ. 1930ರ ಜೂನ್ 1ರಂದು ಮೊದಲ ಸಲ ಓಡಿತು. ಮೂರನೇ ದರ್ಜೆಯವರಿಗೆ ಅದರ ಮೆಟ್ಟಿಲು ಹತ್ತಲು ಅವಕಾಶವೇ ಇರಲಿಲ್ಲ. ಅಂತಹ ಗಾಡಿ ಇಂದು ಡಬ್ಬಿ ಹಿಡಿದು ನೌಕರಿಗೆ ಹೋಗುವವರ ಗಾಡಿಯಾಗಿ ಉಳಿದಿದೆ. ಸಿರಿವಂತರಿಗಾಗಿ ಹುಟ್ಟಿದ ಎಷ್ಟೋ ರೈಲುಗಳು ಹೆಸರಿಲ್ಲದೆ ಹೋದವು. ಇದು ಹೇಗೆ ಉಳಿಯಿತು ಎಂಬುದನ್ನು ತಿಳಿಯಲು ಮೊದಲು ಅದು ಓಡುವ ದಾರಿಯನ್ನು ನೋಡಬೇಕು.

ಘಾಟು ಕಡಿದ ಕೈಗಳು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ. ಆದರೆ ಕಂಪನಿಯ ಕಣ್ಣು ಇದ್ದದ್ದು ಠಾಣೆಯ ಮೇಲಲ್ಲ, ಘಟ್ಟದ ಮೇಲಿನ ಹತ್ತಿಯ ಸೀಮೆಯ ಮೇಲೆ. ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿತ್ತು. ಪುಣೆಯ ಕಡೆಗೆ ಹೋಗಲು ಭೋರ್ ಘಾಟನ್ನು ಕಡಿಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

1856ರಲ್ಲಿ ಕೆಲಸ ಆರಂಭವಾಯಿತು. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ. ಸುರಂಗಗಳೇ 25. ಮೊದಲ ಗುತ್ತಿಗೆದಾರ ನಡುವೆಯೇ ಕೈಬಿಟ್ಟ. 1859ರಲ್ಲಿ ಸಾಲೊಮನ್ ಟ್ರೆಡ್ವೆಲ್ ಎಂಬಾತ ಇಂಗ್ಲೆಂಡಿನಿಂದ ಬಂದು ಗುತ್ತಿಗೆ ಹಿಡಿದ. ಬಂದ ಕೆಲವೇ ವಾರಗಳಲ್ಲಿ ರೋಗ ತಗಲಿ ಸತ್ತ. ಆತನ ಹೆಂಡತಿ ಆಲಿಸ್ ಟ್ರೆಡ್ವೆಲ್ ಊರಿಗೆ ಮರಳಲಿಲ್ಲ. ಗಂಡನ ಗುತ್ತಿಗೆಯನ್ನು ತನ್ನ ಹೆಸರಿನಲ್ಲಿ ಮುಂದುವರಿಸಿ, ಎಂಜಿನಿಯರುಗಳನ್ನು ಇಟ್ಟುಕೊಂಡು ಕೆಲಸ ಮುಗಿಸಿಕೊಟ್ಟಳು. ಆ ಕಾಲದಲ್ಲಿ ಒಬ್ಬ ಹೆಂಗಸು ಇಂತಹ ಕೆಲಸ ಮಾಡಿಸಿದಳೆಂಬುದು ಇಂದಿಗೂ ಸೋಜಿಗವೇ. ಬರ್ಕ್ಲಿಯೂ ಘಾಟಿನ ಕೆಲಸ ಮುಗಿಯುವುದನ್ನು ನೋಡಲಿಲ್ಲ, 1862ರಲ್ಲಿ ತೀರಿಕೊಂಡ. ಇವರ ಹೆಸರುಗಳಾದರೂ ಪುಸ್ತಕಗಳಲ್ಲಿ ಉಳಿದವು. ಒಂದು ಹಂತದಲ್ಲಿ ಘಾಟಿನಲ್ಲಿ 40,000ಕ್ಕೂ ಹೆಚ್ಚು ಕೂಲಿಗಳು ಕಲ್ಲು ಒಡೆಯುತ್ತಿದ್ದರು. ಕಾಲರಾ, ಜ್ವರ, ಸಿಡಿಮದ್ದು, ಕುಸಿಯುವ ಬಂಡೆ ಇವುಗಳಿಂದ ಸಾವಿರಾರು ಮಂದಿ ಸತ್ತರು. ಅವರ ಹೆಸರು ಎಲ್ಲೂ ಇಲ್ಲ.

1863ರಲ್ಲಿ ಘಾಟಿನ ದಾರಿ ತೆರೆಯಿತು. ಏರು ಎಷ್ಟು ಕಡಿದಾಗಿತ್ತೆಂದರೆ ಕೆಲವು ಕಡೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಬೇಕು. ರಸ್ತೆಯ ಬಂಡಿಗೆ ಇದೇನೂ ದೊಡ್ಡದಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಓಡುವಾಗ ಇದು ಮಹಾ ಏರು. ಅರ್ಧ ದಾರಿಯಲ್ಲಿ ಹಳಿ ಬೆಟ್ಟದ ಅಂಚಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಎಂಜಿನನ್ನು ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಿ, ಗಾಡಿಯನ್ನು ಹಿಂದುಮುಂದಾಗಿ ಮೇಲಕ್ಕೆ ಎಳೆಯಬೇಕಿತ್ತು. ಈ ಅವಸ್ಥೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ನಮ್ಮ ಭಾಗದ ಓದುಗರು ಇನ್ನೊಂದು ಸಂಗತಿ ಗಮನಿಸಬೇಕು. ಘಾಟಿನ ಕೆಲಸ ಮುಗಿಯುವ ಮೊದಲೇ, 1860ರಲ್ಲಿಯೇ, ಪುಣೆಯಿಂದ ಸೊಲ್ಲಾಪುರದವರೆಗೆ ಹಳಿ ಬಂದಿತ್ತು. 1871ರಲ್ಲಿ ರಾಯಚೂರಿಗೆ ಹೋಗಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ಸೊಲ್ಲಾಪುರದ ಬಟ್ಟೆ ಗಿರಣಿಗಳು ಎದ್ದದ್ದು, ವಿಜಾಪುರ, ಕಲಬುರ್ಗಿ, ಅಕ್ಕಲಕೋಟೆಯ ಕಡೆಯ ಜನ ದುಡಿಮೆ ಹುಡುಕಿ ಸೊಲ್ಲಾಪುರಕ್ಕೆ, ಅಲ್ಲಿಂದ ಮುಂಬೈಗೆ ಹೋದದ್ದು ಇದೇ ಹಳಿಯ ಆಸರೆಯಿಂದ. ದಖ್ಖನ್ ರಾಣಿ ಓಡುವ ಹಳಿಯೂ ನಮ್ಮ ಊರಿನ ಮುಂದೆ ಹಾದುಹೋಗುವ ಹಳಿಯೂ ಒಂದೇ ದಾರಿಯ ಎರಡು ತುಂಡುಗಳು.

ಕಲ್ಲಿದ್ದಲು ಹೋಗಿ ಕರೆಂಟು ಬಂತು

ಉಗಿ ಎಂಜಿನ್ ಇರುವವರೆಗೆ ಈ ದಾರಿಯಲ್ಲಿ ವೇಗದ ಮಾತೇ ಇರಲಿಲ್ಲ. ಸುರಂಗದೊಳಗೆ ಹೊಗೆ, ಏರಿನಲ್ಲಿ ಏದುಸಿರು. 1925ರ ಫೆಬ್ರವರಿ 3ರಂದು ಮುಂಬೈಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ನಾಲ್ಕೈದು ವರ್ಷಗಳಲ್ಲಿ ತಂತಿ ಘಾಟು ಹತ್ತಿ 1929ರಲ್ಲಿ ಪುಣೆ ತಲುಪಿತು. ಕರೆಂಟಿಗಾಗಿ ಕಂಪನಿ ಕಲ್ಯಾಣದ ಸಮೀಪ ಚೋಳಾ ಎಂಬಲ್ಲಿ, ಇಂದಿನ ಠಾಕುರ್ಲಿಯಲ್ಲಿ, ತನ್ನದೇ ವಿದ್ಯುತ್ ಕೇಂದ್ರ ಕಟ್ಟಿಕೊಂಡಿತು. ಹೊಸ ಸುರಂಗಗಳನ್ನು ಕೊರೆದು ಗಾಡಿಯನ್ನು ಹಿಂದುಮುಂದು ಮಾಡುವ ಹಳೆಯ ತಾಪತ್ರಯವನ್ನೂ ಅದೇ ಕಾಲಕ್ಕೆ ತಪ್ಪಿಸಿದರು.

ಖರ್ಚು ದೊಡ್ಡದಾಗಿತ್ತು. ಇಷ್ಟು ಖರ್ಚು ಮಾಡಿದ ಮೇಲೆ ಲೋಕಕ್ಕೆ ತೋರಿಸಲು ಒಂದು ಗಾಡಿ ಬೇಕಲ್ಲವೇ? ಅದೂ ಅಲ್ಲದೆ ಮುಂಬೈಯ ಸಿರಿವಂತರಲ್ಲಿ ಆಗಲೇ ಮೋಟಾರು ಕಾರುಗಳು ಬಂದಿದ್ದವು. ಪುಣೆಗೆ ಹೋಗುವವರನ್ನು ಹಳಿಯ ಮೇಲೆ ಹಿಡಿದಿಡಬೇಕಿತ್ತು.

ಕುದುರೆ, ಮಳೆಗಾಲ ಮತ್ತು ಸಾಹೇಬರು

ಆ ದಿನಗಳಲ್ಲಿ ಮುಂಬೈ ಪ್ರಾಂತದ ಗವರ್ನರ್ ಮಳೆಗಾಲ ಬಂತೆಂದರೆ ಪುಣೆಗೆ ಬಂದು ಗಣೇಶಖಿಂಡದ ಬಂಗಲೆಯಲ್ಲಿ ಬಿಡಾರ ಮಾಡುತ್ತಿದ್ದ. ಇಂದು ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಹಳೆಯ ಕಟ್ಟಡವೇ ಅದು. ಗವರ್ನರ್ ಬಂದರೆ ಅವನ ಹಿಂದೆ ಅಧಿಕಾರಿಗಳು, ಅವರ ಹಿಂದೆ ವರ್ತಕರು. ಮುಂಬೈಯಲ್ಲಿ ಮಳೆ ಹೊಡೆಯುವಾಗ ಕುದುರೆ ರೇಸುಗಳೂ ಪುಣೆಗೆ ವರ್ಗವಾಗುತ್ತಿದ್ದವು. ಶನಿವಾರ ರೇಸಿಗೆ ಬರುವವರನ್ನು ಕರೆತಂದು ತಿರುಗಿ ಮುಂಬೈಗೆ ಮುಟ್ಟಿಸಲು ಒಂದು ನಯವಾದ, ವೇಗದ ಗಾಡಿ ಬೇಕಿತ್ತು. ಡೆಕ್ಕನ್ ಕ್ವೀನ್ ಮೊದಲಿಗೆ ಓಡಿದ್ದು ವಾರದ ಕೊನೆಯ ಗಾಡಿಯಾಗಿ, ಮುಖ್ಯವಾಗಿ ಈ ರೇಸಿನ ಮಂದಿಗಾಗಿ. ದಿನನಿತ್ಯದ ಗಾಡಿಯಾದದ್ದು ಆಮೇಲೆ. ಪುಣೆಗೆ ದಖ್ಖನ್ನಿನ ರಾಣಿ ಎಂಬ ಬಿರುದು ಇತ್ತು, ಅದೇ ಗಾಡಿಯ ಹೆಸರಾಯಿತು.

ಗಾಡಿಯ ಅಲಂಕಾರಕ್ಕೆ ಕೊರತೆ ಮಾಡಲಿಲ್ಲ. ಏಳೇಳು ಡಬ್ಬಿಗಳ ಎರಡು ಜೋಡಣೆಗಳನ್ನು ಸಿದ್ಧಪಡಿಸಿದರು. ಒಂದಕ್ಕೆ ಬೆಳ್ಳಿಯ ಬಣ್ಣ, ಮೇಲೆ ಕಡುಗೆಂಪು ಪಟ್ಟಿ. ಇನ್ನೊಂದಕ್ಕೆ ಕಡುನೀಲಿ, ಮೇಲೆ ಬಂಗಾರದ ಗೆರೆ. ಅಡಿಯ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಬಂತು. ಮೇಲಿನ ಡಬ್ಬಿಯನ್ನು ಕಟ್ಟಿದ್ದು ಮುಂಬೈಯ ಮಾಟುಂಗಾ ಕಾರ್ಖಾನೆಯ ಕೆಲಸಗಾರರು. ಗಾಡಿಯಲ್ಲಿ ಕುಳಿತು ಊಟ ಮಾಡುವ ಡಬ್ಬಿ ಬೇರೆ. ಎಳೆಯುವುದಕ್ಕೆ ಹೊಸ ವಿದ್ಯುತ್ ಎಂಜಿನ್. ಆ ತರಹದ ಒಂದು ಎಂಜಿನನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಉಳಿಸಿಕೊಂಡಿದ್ದಾರೆ.

ದೇಶದ ಮೊದಲ ಅತಿವೇಗದ ಗಾಡಿ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿಂದಲೇ ನಡೆದು ಹೋಗಬಹುದಾದ ಮೊದಲ ಗಾಡಿ, ಹೆಂಗಸರಿಗೆ ಪ್ರತ್ಯೇಕ ಡಬ್ಬಿ ಇದ್ದ ಮೊದಲ ಗಾಡಿ, ಊಟದ ಡಬ್ಬಿಯ ಮೊದಲ ಗಾಡಿ ಎಂದು ದಖ್ಖನ್ ರಾಣಿಯ ಹೆಸರಿನಲ್ಲಿ ಅನೇಕ ‘ಮೊದಲು’ಗಳನ್ನು ಬರೆಯುವುದು ವಾಡಿಕೆಯಾಗಿದೆ. ಇವೆಲ್ಲವನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಊಟದ ಡಬ್ಬಿಗಳು ಅದಕ್ಕಿಂತ ಮೊದಲೇ ದೂರದ ಗಾಡಿಗಳಲ್ಲಿದ್ದವು. ಹೊಗಳುವವರು ಒಂದಕ್ಕೆ ಎರಡು ಸೇರಿಸಿದ್ದಾರೆ. ಇಷ್ಟಾಗಿಯೂ ದೇಶದ ಎರಡು ದೊಡ್ಡ ಊರುಗಳ ನಡುವೆ ಬರಿಯ ವಿದ್ಯುತ್ತಿನ ಬಲದಿಂದ, ಇಷ್ಟು ಸುಖದಲ್ಲಿ, ಘಾಟು ಹತ್ತಿ ಇಳಿದ ಗಾಡಿ ಇನ್ನೊಂದಿರಲಿಲ್ಲ ಎನ್ನುವುದಕ್ಕೆ ಅಡ್ಡಿಯಿಲ್ಲ.

ಇದ್ದದ್ದು ಎರಡೇ ದರ್ಜೆ, ಒಂದನೆಯದು ಮತ್ತು ಎರಡನೆಯದು. ಆಗಿನ ಎರಡನೇ ದರ್ಜೆ ಇಂದಿನ ಎರಡನೇ ದರ್ಜೆಯಲ್ಲ, ಅದೂ ಅನುಕೂಲಸ್ಥರದ್ದೇ. ದೇಶದ ಬಹುಪಾಲು ಜನ ಪ್ರಯಾಣ ಮಾಡುತ್ತಿದ್ದದ್ದು, ರೈಲ್ವೆಗೆ ಪ್ರಯಾಣಿಕರಿಂದ ಬರುವ ಹಣದ ದೊಡ್ಡ ಪಾಲು ಕೊಡುತ್ತಿದ್ದದ್ದು ಮೂರನೇ ದರ್ಜೆಯವರು. ಆ ದರ್ಜೆಯ ಬವಣೆಯನ್ನು ಗಾಂಧೀಜಿ 1917ರಲ್ಲಿಯೇ ಬರೆದು ಜಾಹೀರು ಮಾಡಿದ್ದರು. ದಖ್ಖನ್ ರಾಣಿಯಲ್ಲಿ ಆ ದರ್ಜೆಯೇ ಇರಲಿಲ್ಲ. ಹಳಿ ಹಾಕಿದವರ ಮಕ್ಕಳು, ಡಬ್ಬಿ ಕಟ್ಟಿದ ಮಾಟುಂಗಾದ ಕೆಲಸಗಾರರು ಅದನ್ನು ಪ್ಲಾಟ್‌ಫಾರಂ ಮೇಲೆ ನಿಂತು ನೋಡಬೇಕಿತ್ತು.

ಅದೇ ಹಳಿಯ ಈಚೆಯ ತುದಿಯಲ್ಲಿ

ರೈಲಿನ ಪುಸ್ತಕಗಳು ಒಂದು ಮಾತನ್ನು ಹೇಳುವುದಿಲ್ಲ. ದಖ್ಖನ್ ರಾಣಿ ಹೊರಟ 1930ರ ಜೂನ್ 1ರಂದು ಇದೇ ಹಳಿಯ ಮೇಲಿನ ಸೊಲ್ಲಾಪುರ ಏನಾಗಿತ್ತು?

ಉಪ್ಪಿನ ಸತ್ಯಾಗ್ರಹದ ಕಾಲವದು. ಮೇ 5ರಂದು ಗಾಂಧೀಜಿಯವರನ್ನು ಬಂಧಿಸಿ ಪುಣೆಯ ಯರವಡಾ ಜೈಲಿಗೆ ತಂದರು. ಸುದ್ದಿ ಬಂದೊಡನೆ ಸೊಲ್ಲಾಪುರದ ಗಿರಣಿಗಳು ನಿಂತವು, ಜನ ಬೀದಿಗೆ ಬಂದರು. ಮೇ 8ರಂದು ಗೋಲಿಬಾರ್ ಆಯಿತು, ಜನ ಸತ್ತರು. ಸಿಟ್ಟಿಗೆದ್ದವರು ಪೊಲೀಸ್ ಚೌಕಿಗಳಿಗೆ, ಕೋರ್ಟಿಗೆ ಬೆಂಕಿ ಇಟ್ಟರು. ಕೆಲವು ದಿನ ಊರಿನಲ್ಲಿ ಬ್ರಿಟಿಷ್ ಸರ್ಕಾರ ಎಂಬುದೇ ಇರಲಿಲ್ಲ. ಮೇ 12ರಂದು ಸರ್ಕಾರ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಜಾರಿ ಮಾಡಿತು. ಗಾಂಧಿ ಟೋಪಿ ಹಾಕಿದರೆ, ಬಾವುಟ ಹಿಡಿದರೆ ಶಿಕ್ಷೆ. ಜೂನ್ ಕೊನೆಯವರೆಗೂ ಊರು ಸೈನ್ಯದ ಕೈಯಲ್ಲಿತ್ತು.

ಅಂದರೆ ಮುಂಬೈಯ ರೇಸಿನವರು ಬೆಳ್ಳಿ ಬಣ್ಣದ ಗಾಡಿ ಹತ್ತಿ ಪುಣೆಗೆ ಬಂದಿಳಿಯುವಾಗ, ಅದೇ ಪುಣೆಯ ಜೈಲಿನಲ್ಲಿ ಗಾಂಧೀಜಿ ಇದ್ದರು, ಅಲ್ಲಿಂದ ಮುಂದಕ್ಕೆ ಸುಮಾರು 260 ಕಿ.ಮೀ. ದೂರದ ಸೊಲ್ಲಾಪುರದಲ್ಲಿ ಬಂದೂಕು ಹಿಡಿದ ಸೈನಿಕರು ಚೌಕಗಳಲ್ಲಿ ನಿಂತಿದ್ದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಿದರು. ಸೊಲ್ಲಾಪುರದ ನಾಲ್ಕು ಹುತಾತ್ಮರ ಚೌಕ ಅವರ ನೆನಪಿನದು. ದಖ್ಖನ್ ರಾಣಿಯ ಹುಟ್ಟಿದ ವರ್ಷವನ್ನು ನೆನೆಯುವಾಗ ನಮ್ಮ ಭಾಗದವರು ಇದನ್ನೂ ನೆನೆಯುವುದು ಸಹಜ.

ಬಾಗಿಲು ತೆರೆದ ದಿನ

ಸ್ವಾತಂತ್ರ್ಯ ಬಂದ ಮೇಲೆ ರೇಸಿನ ಸಾಹೇಬರು ಹೋದರು. ಗವರ್ನರನ ಮಳೆಗಾಲದ ದರಬಾರೂ ಹಳೆಯ ಮೆರುಗು ಕಳೆದುಕೊಂಡಿತು. ಗಾಡಿ ಮಾತ್ರ ಇತ್ತು. ಅದನ್ನು ಏನು ಮಾಡಬೇಕು?

1949ರ ಜನವರಿ 1ರಿಂದ ಗಾಡಿಯಲ್ಲಿದ್ದ ಹಳೆಯ ಒಂದನೇ ದರ್ಜೆಯನ್ನು ತೆಗೆದುಹಾಕಿ, ಎರಡನೆಯದಕ್ಕೇ ಒಂದನೆಯದು ಎಂದು ಹೆಸರಿಟ್ಟರು. ಅಂದರೆ ಗಾಡಿಯಲ್ಲಿ ಒಂದೇ ದರ್ಜೆ ಉಳಿಯಿತು. 1951ರಲ್ಲಿ ಹಳೆಯ ಕಂಪನಿ ಹೊಸ ಮಧ್ಯ ರೈಲ್ವೆಯಲ್ಲಿ ಸೇರಿಹೋಯಿತು. 1955ರ ಜೂನ್‌ನಲ್ಲಿ, ಗಾಡಿಗೆ 25 ವರ್ಷ ತುಂಬುವ ಹೊತ್ತಿಗೆ, ಮೊದಲ ಸಲ ಮೂರನೇ ದರ್ಜೆಯ ಡಬ್ಬಿಗಳನ್ನು ಜೋಡಿಸಿದರು. ರೈಲ್ವೆಯ ಕಡತದಲ್ಲಿ ಇದು ಒಂದು ಸಾಲು. ಆದರೆ ದಖ್ಖನ್ ರಾಣಿಯ ಚರಿತ್ರೆಯಲ್ಲಿ 1930ಕ್ಕಿಂತ ಈ ವರ್ಷವೇ ದೊಡ್ಡದು ಎನ್ನಬೇಕು. ಅಂದು ಆ ಬಾಗಿಲು ತೆರೆಯದೆ ಹೋಗಿದ್ದರೆ ಗಾಡಿ ಹತ್ತಿಪ್ಪತ್ತು ವರ್ಷಗಳಲ್ಲಿ ಖಾಲಿ ಓಡಿ ನಿಂತುಹೋಗುತ್ತಿತ್ತು. ಅನುಕೂಲಸ್ಥರು ಹೇಗೂ ಕಾರಿನ ಕಡೆ ಹೊರಳುತ್ತಿದ್ದರು.

ಬಾಗಿಲು ತೆರೆದದ್ದೇ ತಡ, ಜನ ತುಂಬಿದರು. ಪುಣೆಯಲ್ಲಿ ಮನೆ, ಮುಂಬೈಯಲ್ಲಿ ನೌಕರಿ ಎಂಬ ಒಂದು ಹೊಸ ಬದುಕೇ ಆರಂಭವಾಯಿತು. ಮುಂಬೈಯಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ, ಸಿಕ್ಕರೂ ಒಂದು ಖೋಲಿ. ಪುಣೆಯಲ್ಲಿ ಹಿರಿಯರು ಕಟ್ಟಿಸಿದ ವಾಡೆಯಿದೆ, ಮಕ್ಕಳ ಶಾಲೆಯಿದೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಾದರೆ ಯಾರು ಬಿಡುತ್ತಾರೆ? 1966ರಲ್ಲಿ ಹಳೆಯ ಡಬ್ಬಿಗಳನ್ನು ತೆಗೆದು ಮದರಾಸಿನ ಪೆರಂಬೂರು ಕಾರ್ಖಾನೆಯಲ್ಲಿ ತಯಾರಾದ ಉಕ್ಕಿನ ಡಬ್ಬಿಗಳನ್ನು ತಂದರು. ಅಪಘಾತವಾದರೆ ಒಂದರೊಳಗೆ ಒಂದು ನುಗ್ಗದಂತಹ ಡಬ್ಬಿಗಳು ಅವು. ಏಳಿದ್ದದ್ದು ಹನ್ನೆರಡಾಯಿತು. ಮುಂದೆ ಇನ್ನೂ ಹೆಚ್ಚಾಯಿತು. 1974ರಲ್ಲಿ ದೇಶದಲ್ಲೆಲ್ಲ ಮೂರನೇ ದರ್ಜೆಯ ಹೆಸರು ಹೋಗಿ ಎರಡನೇ ದರ್ಜೆ ಎಂದಾಯಿತು. ಹೀಗೆ ಒಂದು ಕಾಲಕ್ಕೆ ಹೊರಗಿಟ್ಟವರೇ ಗಾಡಿಯ ಮುಕ್ಕಾಲು ಭಾಗ ತುಂಬಿಕೊಂಡರು.

ಪಾಸಿನವರ ಸಂಸಾರ

ಪಾಸ್ ಎಂದರೆ ತಿಂಗಳ ಅಥವಾ ಮೂರು ತಿಂಗಳ ಟಿಕೆಟು. ದಖ್ಖನ್ ರಾಣಿಯಲ್ಲಿ ಪಾಸಿನವರಿಗೆ ಬೇರೆ ಡಬ್ಬಿ, ಅದರಲ್ಲಿ ಹೆಂಗಸರಿಗೆ ಬೇರೆ ಜಾಗ. ದಿನಕ್ಕೆ ಆರು ಆರೂವರೆ ತಾಸು ಗಾಡಿಯಲ್ಲೇ. ಹೋಗಿಬರುವ ದೂರ ಒಟ್ಟು 384 ಕಿ.ಮೀ. ಇಪ್ಪತ್ತು ಮೂವತ್ತು ವರ್ಷ ಹೀಗೆ ನೌಕರಿ ಮಾಡಿ ನಿವೃತ್ತರಾದವರಿದ್ದಾರೆ. ಅಂಥವರು ಮನೆಯ ಅಂಗಳಕ್ಕಿಂತ ಹೆಚ್ಚು ಹೊತ್ತು ಈ ಡಬ್ಬಿಯಲ್ಲಿ ಕಳೆದಿರುತ್ತಾರೆ.

ಹಾಗಾಗಿ ಡಬ್ಬಿಯೇ ಒಂದು ಓಣಿಯಾಗಿದೆ. ಇಸ್ಪೀಟು ಆಡುವವರ ಗುಂಪು ಒಂದು ಕಡೆ, ಭಜನೆಯವರದು ಇನ್ನೊಂದು ಕಡೆ. ಹೆಂಗಸರು ಅಲ್ಲೇ ಕಾಯಿಪಲ್ಲೆ ಸೋಸುತ್ತಾರೆ, ಹೆಣಿಗೆ ಹಾಕುತ್ತಾರೆ. ಯಾರಿಗಾದರೂ ಮದುವೆ ಗೊತ್ತಾದರೆ ಗಾಡಿಯಲ್ಲೇ ಸಿಹಿ ಹಂಚುತ್ತಾರೆ. ದಸರೆಗೆ ಡಬ್ಬಿಗೆ ಹೂಮಾಲೆ, ತೋರಣ. ಹಳಬರ ಜಾಗದಲ್ಲಿ ಗೊತ್ತಿಲ್ಲದೆ ಕುಳಿತ ಹೊಸಬನಿಗೆ ಮುಖ ನೋಡಿ ಎಬ್ಬಿಸುವುದೂ ಉಂಟು, ಅದನ್ನು ಮುಚ್ಚಿಡಬೇಕಿಲ್ಲ. ಒಂದು ಕಾಲದಲ್ಲಿ ಹೊರಗೆ ನಿಂತವರು ಒಳಗೆ ಬಂದ ಮೇಲೆ ತಾವೂ ಸ್ವಲ್ಪ ಸಾಹೇಬರಾಗುತ್ತಾರೆ.

ಪ್ರತಿ ವರ್ಷ ಜೂನ್ 1ರಂದು ಪುಣೆ ನಿಲ್ದಾಣದಲ್ಲಿ ಗಾಡಿಯ ಹುಟ್ಟುಹಬ್ಬ. ರಂಗೋಲಿ, ವಾದ್ಯ, ಎಂಜಿನ್ನಿಗೆ ಹೂವಿನ ಹಾರ, ಕೇಕು. ಮಾಡುವವರು ಪ್ರಯಾಣಿಕರು, ರೈಲ್ವೆಯವರು ಜೊತೆಗೂಡುತ್ತಾರೆ. ಗಾಡಿ ತಡವಾದರೆ ಜಗಳ ತೆಗೆಯುವವರೂ ಅವರೇ. ಹತ್ತು ನಿಮಿಷ ತಡವಾದರೆ ಆಫೀಸಿನಲ್ಲಿ ಕೆಂಪು ಗೆರೆ ಬೀಳುವ ಮನುಷ್ಯನಿಗೆ ರೈಲಿನ ವೇಳೆ ಎಂಬುದು ಅನ್ನದ ಪ್ರಶ್ನೆ. ಬೇರೆ ಗಾಡಿಗಳನ್ನು ತಡೆದು ದಖ್ಖನ್ ರಾಣಿಗೆ ದಾರಿ ಬಿಡುತ್ತಾರೆ ಎಂಬ ಮಾತಿದೆ. ಅದು ಬಿರುದಿನ ಗೌರವದಿಂದ ಬಂದದ್ದಲ್ಲ, ಈ ಪಾಸಿನವರ ಹೆದರಿಕೆಯಿಂದ ಉಳಿದದ್ದು ಎಂದರೂ ತಪ್ಪಾಗದು.

ಮೇಜಿನ ಮೇಲಿನ ತಟ್ಟೆ

ಹಳೆಯ ಸಿರಿಯಲ್ಲಿ ಉಳಿದದ್ದು ಏನು ಎಂದು ಕೇಳಿದರೆ ಊಟದ ಡಬ್ಬಿಯನ್ನು ತೋರಿಸಬೇಕು. ನಮ್ಮ ಬೇರೆ ದೂರದ ಗಾಡಿಗಳಲ್ಲಿ ಅಡುಗೆಯ ಡಬ್ಬಿ ಇರುತ್ತದೆ, ಅಲ್ಲಿಂದ ತಟ್ಟೆ ನಮ್ಮ ಸೀಟಿಗೆ ಬರುತ್ತದೆ. ದಖ್ಖನ್ ರಾಣಿಯಲ್ಲಿ ನಾವೇ ಎದ್ದು ಹೋಗಿ ಮೇಜಿನ ಮುಂದೆ ಕುಳಿತು, ಕಿಟಕಿಯಾಚೆ ಘಾಟು ನೋಡುತ್ತ ತಿನ್ನಬಹುದು. ದಿನನಿತ್ಯದ ಗಾಡಿಯೊಂದರಲ್ಲಿ ಇಂತಹ ಏರ್ಪಾಡು ಹೀಗೆ ಉಳಿದು ಬಂದಿರುವುದು ಇದೊಂದರಲ್ಲೇ. ಚೀಸ್ ಟೋಸ್ಟ್, ಆಮ್ಲೆಟ್, ಕಟ್ಲೆಟ್, ಬೇಯಿಸಿದ ಬೀನ್ಸ್ ಇವು ಸಾಹೇಬರ ಕಾಲದ ನೆನಪು. ಸಾಬುದಾಣಿ ವಡೆ ಆಮೇಲೆ ಸೇರಿಕೊಂಡ ನಮ್ಮವರ ತಿಂಡಿ. ಎರಡೂ ಒಂದೇ ಮೇಜಿನ ಮೇಲೆ ಬರುತ್ತವೆ.

ಈ ಡಬ್ಬಿಯಿಂದ ರೈಲ್ವೆಗೆ ದೊಡ್ಡ ಲಾಭವೇನೂ ಇರಲಾರದು. ಆ ಜಾಗದಲ್ಲಿ ಸೀಟು ಹಾಕಿದರೆ ನೂರು ಜನ ಕೂರಬಹುದು ಎಂದು ಲೆಕ್ಕ ಹಾಕುವವರಿಗೆ ಅದು ದಂಡ. ಆದರೂ 2022ರಲ್ಲಿ ಹೊಸ ಡಬ್ಬಿಗಳು ಬಂದಾಗ ಊಟದ ಡಬ್ಬಿಯನ್ನು ಬಿಡಲಿಲ್ಲ.

ಇಂದಿಗೂ ತಳ್ಳಬೇಕು

ಎಂಜಿನ್ ಎಷ್ಟು ಬದಲಾದರೂ ಘಾಟು ಬದಲಾಗಿಲ್ಲ. ಸಂಜೆ ಮುಂಬೈಯಿಂದ ಬರುವ ಗಾಡಿ ಕರ್ಜತ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಗಾಡಿಯ ಹಿಂದಕ್ಕೆ ಬೇರೆ ಎಂಜಿನ್‌ಗಳನ್ನು ಜೋಡಿಸುತ್ತಾರೆ. ರೈಲಿನವರು ಇವನ್ನು ಬ್ಯಾಂಕರ್ ಎನ್ನುತ್ತಾರೆ. ಮುಂದಿನ ಎಂಜಿನ್ ಎಳೆಯುತ್ತದೆ, ಹಿಂದಿನವು ತಳ್ಳುತ್ತವೆ. ಮೇಲೆ ಲೋಣಾವಳ ಕಡೆ ಘಾಟು ಮುಗಿದ ಮೇಲೆ ಅವನ್ನು ಬಿಚ್ಚುತ್ತಾರೆ. ಕರ್ಜತ್‌ನ ಈ ಕೆಲವು ನಿಮಿಷಗಳೇ ಅಲ್ಲಿನ ವಡಾ ಪಾವ್ ಹೆಸರಾಗಲು ಕಾರಣ. ಇಳಿಯುವಾಗ ಇನ್ನೊಂದು ಭಯ, ಬ್ರೇಕು ಹಿಡಿಯದೆ ಹೋದರೆ ಎಂದು. ಅದಕ್ಕಾಗಿ ಘಾಟಿನಲ್ಲಿ ಅಲ್ಲಲ್ಲಿ ಪಕ್ಕಕ್ಕೆ ಏರುವ ಹಳಿಯ ತುಂಡುಗಳನ್ನು ಇಟ್ಟಿದ್ದಾರೆ. ಹಿಡಿತ ತಪ್ಪಿದ ಗಾಡಿ ಅದರೊಳಗೆ ಹೋಗಿ ಏರಿ ತಾನಾಗಿ ನಿಲ್ಲಬೇಕು.

ಮಳೆಗಾಲದಲ್ಲಿ ಬಂಡೆ ಉರುಳುವುದು, ಮಣ್ಣು ಕುಸಿಯುವುದು ವರ್ಷ ವರ್ಷದ ಪಾಡು. 1867ರಲ್ಲಿ ಘಾಟಿನ ಒಂದು ಸೇತುವೆಯೇ ಕುಸಿದಿತ್ತು. 2005ರ ಜುಲೈ 26ರ ಮಹಾಮಳೆಯಲ್ಲಿ ಘಾಟಿನ ದಾರಿ ದಿನಗಟ್ಟಲೆ ಮುಚ್ಚಿತು. ಘಾಟು ಮುಚ್ಚಿದರೆ ಪುಣೆಯವರಷ್ಟೇ ಅಲ್ಲ, ಸೊಲ್ಲಾಪುರ, ಕಲಬುರ್ಗಿ ಕಡೆಯವರೂ ಸಿಕ್ಕಿಬೀಳುತ್ತಾರೆ. ಮುಂಬೈಗೆ ಹೋಗುವ ಉದ್ಯಾನ್, ಸಿದ್ಧೇಶ್ವರ ಗಾಡಿಗಳೂ ಇದೇ ಬಾಗಿಲಿನಿಂದ ಹಾಯಬೇಕು.

ಹಳೆಯ ಕಾಲದ 1500 ವೋಲ್ಟ್ ನೇರ ವಿದ್ಯುತ್ತಿನ ತಂತಿಗಳನ್ನು ದೇಶದ ಉಳಿದೆಡೆ ಇರುವ 25,000 ವೋಲ್ಟಿನ ಪದ್ಧತಿಗೆ ಬದಲಾಯಿಸುವ ಕೆಲಸ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಎರಡೂ ಬಗೆಯ ಕರೆಂಟಿನಲ್ಲಿ ಓಡುವ ಎಂಜಿನ್‌ಗಳು ದಖ್ಖನ್ ರಾಣಿಯನ್ನು ಎಳೆದವು.

ಎದುರಾಳಿಗಳು

ಪುಣೆ ಮತ್ತು ಮುಂಬೈ ನಡುವೆ ಸಿಂಹಗಡ, ಪ್ರಗತಿ, ಇಂದ್ರಾಯಣಿ ಎಂದು ಹಗಲ ಗಾಡಿಗಳು ಹೆಚ್ಚಿದವು. 2002ರಲ್ಲಿ ಆರು ಪಥದ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ತಿ ತೆರೆದಾಗ ಇನ್ನು ರೈಲಿನ ಕಾಲ ಮುಗಿಯಿತು ಎಂದವರಿದ್ದರು. ಕಾರಿನವರು ಆ ಕಡೆ ಹೋದರು. ಪಾಸಿನವರು ಹೋಗಲಿಲ್ಲ. ಹೆದ್ದಾರಿಯಲ್ಲಿ ಒಂದು ಸಲ ಹೋಗುವ ಖರ್ಚಿನಲ್ಲಿ ಗಾಡಿಯಲ್ಲಿ ಎಷ್ಟೋ ದಿನ ಓಡಾಡಬಹುದು. ಮುಂಬೈ ಊರೊಳಗಿನ ವಾಹನಗಳ ನೂಕುನುಗ್ಗಲಿನಲ್ಲಿ ಬಸ್ಸು ಯಾವಾಗ ಮುಟ್ಟುತ್ತದೆಂದು ಯಾರೂ ಹೇಳಲಾರರು.

ಕೋವಿಡ್ ಕಾಲದಲ್ಲಿ ಬೇರೆಲ್ಲ ಗಾಡಿಗಳಂತೆ ಇದೂ ನಿಂತಿತು. 2020ರ ಜೂನ್ 1ಕ್ಕೆ ತೊಂಬತ್ತು ವರ್ಷ ತುಂಬಿದಾಗ ಗಾಡಿಯೇ ಓಡುತ್ತಿರಲಿಲ್ಲ. 2021ರ ಆಗಸ್ಟ್ 15ರಿಂದ ವಿಸ್ಟಾಡೋಮ್ ಡಬ್ಬಿ ಸೇರಿತು. ಅಗಲವಾದ ಕಿಟಕಿ, ಚಾವಣಿಗೂ ಗಾಜು ಇರುವ ಈ ಡಬ್ಬಿ ಘಾಟಿನ ಜಲಪಾತಗಳನ್ನು ನೋಡಬಯಸುವ ಪ್ರವಾಸಿಗರಿಗಾಗಿ. ದರವೂ ಅದಕ್ಕೆ ತಕ್ಕಂತೆ. ರೇಸಿನವರ ಜಾಗಕ್ಕೆ ಈಗ ಮಳೆ ನೋಡುವವರು ಬಂದಿದ್ದಾರೆ ಎನ್ನಬಹುದು. ಆದರೆ ಈ ಸಲ ಗಾಡಿ ಅವರೊಬ್ಬರದಲ್ಲ. 2022ರ ಜೂನ್ 22ರಿಂದ ಇಡೀ ಗಾಡಿ ಹೊಸ ಮಾದರಿಯ ಎಲ್.ಎಚ್.ಬಿ. ಡಬ್ಬಿಗಳಿಗೆ ಬದಲಾಯಿತು. ಹಳೆಯ ಬಿಳಿ-ನೀಲಿ ಹೋಗಿ ಹಸಿರು-ಕೆಂಪು ಬಂತು. ಊಟದ ಡಬ್ಬಿಯ ವಿನ್ಯಾಸ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯದು. ಮೊದಲು 32 ಜನ ಕೂಡುತ್ತಿದ್ದ ಜಾಗದಲ್ಲಿ ಈಗ 40 ಜನ ಕೂಡಬಹುದು.

2023ರ ಫೆಬ್ರವರಿ 10ರಂದು ಮುಂಬೈ-ಸೊಲ್ಲಾಪುರ ವಂದೇ ಭಾರತ್ ಆರಂಭವಾದದ್ದು ನಮ್ಮ ಓದುಗರಿಗೆ ಗೊತ್ತೇ ಇದೆ. ಹಿಂದಿನಿಂದ ತಳ್ಳುವ ಎಂಜಿನ್ ಇಲ್ಲದೆ ಘಾಟು ಹತ್ತುವ ಗಾಡಿ ಅದು. ಗಾಡಿಯ ಉದ್ದಕ್ಕೂ ಹಲವು ಡಬ್ಬಿಗಳ ಕೆಳಗೇ ಮೋಟಾರು ಇರುವುದರಿಂದ ಇದು ಸಾಧ್ಯವಾಗಿದೆ. ಬೆಳಿಗ್ಗೆ ಸೊಲ್ಲಾಪುರ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಮುಂಬೈ ಮುಟ್ಟಿಸುತ್ತದೆ. ಸುಖ ಹೆಚ್ಚು, ದರವೂ ಹೆಚ್ಚು, ದಿನವೂ ಹೋಗಿಬರುವವರ ಪಾಸು ಅದರಲ್ಲಿ ನಡೆಯುವುದಿಲ್ಲ.

ಹೋಲಿಕೆಗೆ ನಮ್ಮ ಕರ್ನಾಟಕದ ‘ಗೋಲ್ಡನ್ ಚಾರಿಯಟ್’ ಇದೆ. ಹಂಪಿಯ ಕಲ್ಲಿನ ರಥದ ನೆನಪಿಗೆ ಹೆಸರಿಟ್ಟು, ಡಬ್ಬಿಗಳಿಗೆ ಕದಂಬ, ರಾಷ್ಟ್ರಕೂಟ, ಹೊಯ್ಸಳ ಎಂದು ರಾಜಮನೆತನಗಳ ಹೆಸರು ಕೊಟ್ಟು 2008ರಲ್ಲಿ ಹೊರಟ ಐಷಾರಾಮಿ ಗಾಡಿ. ಒಳಗೆ ಅರಮನೆಯ ಸೊಗಸು. ಒಬ್ಬರ ಟಿಕೆಟು ಲಕ್ಷಗಳ ಲೆಕ್ಕದಲ್ಲಿ. ನಷ್ಟದಿಂದ ವರ್ಷಗಟ್ಟಲೆ ನಿಂತಿತು, ನಡೆಸುವ ಹೊಣೆ ರೈಲ್ವೆಯ ಪ್ರವಾಸೋದ್ಯಮ ಸಂಸ್ಥೆಗೆ ಹೋಯಿತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಿತು. ಅದು ನಿಂತಿದ್ದಾಗ ಯಾವ ಊರಿನ ಜನರೂ ನಿಲ್ದಾಣಕ್ಕೆ ಬಂದು ಯಾಕೆ ನಿಂತಿತು ಎಂದು ಕೇಳಲಿಲ್ಲ.

ದಖ್ಖನ್ ರಾಣಿಯ ನಂಬರು ಮುಂಬೈಗೆ ಹೋಗುವಾಗ 12124, ಬರುವಾಗ 12123. ಇತ್ತೀಚಿನ ವರ್ಷಗಳ ವೇಳಾಪಟ್ಟಿಯ ಪ್ರಕಾರ ಪುಣೆಯಿಂದ 7.15ಕ್ಕೆ ಹೊರಟು 10.25ಕ್ಕೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಅಲ್ಲಿಂದ ಸಂಜೆ 5.10ಕ್ಕೆ ಹೊರಟು ರಾತ್ರಿ 8.25ಕ್ಕೆ ಪುಣೆ. ಸೊಲ್ಲಾಪುರ ಕಡೆಯವರು ಒಮ್ಮೆ ಇದರಲ್ಲಿ ಹೋಗಬೇಕೆಂದರೆ ರಾತ್ರಿಯ ಗಾಡಿಯಲ್ಲಿ ಬಂದು ಬೆಳಿಗ್ಗೆ ಏಳರೊಳಗೆ ಪುಣೆಯಲ್ಲಿರಬೇಕು. ಟಿಕೆಟು ಮೊದಲೇ ಕಾದಿರಿಸಬೇಕು. ಪಾಸಿನವರ ಡಬ್ಬಿಗೆ ಮಾತ್ರ ಹತ್ತಬಾರದು. ಮಳೆಗಾಲದಲ್ಲಿ ಹೋದರೆ ಲೋಣಾವಳ ದಾಟುತ್ತಲೇ ಊಟದ ಡಬ್ಬಿಗೆ ಎದ್ದು ಹೋಗಬೇಕು, ತಡಮಾಡಿದರೆ ಮೇಜು ಸಿಗುವುದಿಲ್ಲ.